ಠಣ್ ಅನ್ನೋ ಬ್ಯಾಟು, ಮೂವತ್ತೈದು ರನ್ನಿನ ಫೈನಲ್ಲು

1998ರ ಜೂನ್, ಅಮೆರಿಕದ ನೆಬ್ರಾಸ್ಕದ ಓಮಾಹಾ ಊರು, ಕಾಲೇಜ್ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ಫೈನಲ್ಲು. ಕ್ಯಾಲಿಫೋರ್ನಿಯಾದ ಯುಎಸ್‌ಸಿ 21, ಅರಿಜೋನಾ ಸ್ಟೇಟ್ 14. ಎರಡೂ ಒಂದೇ ಕಾನ್ಫರೆನ್ಸಿನ, ಅಂದ್ರೆ ಒಂದೇ ಗುಂಪಿನ ಟೀಮು, ಪ್ರತಿ ವರ್ಷ ಎದುರುಬದುರಾಗೋವು. ಬೇಸ್‌ಬಾಲ್ ಅಷ್ಟಾಗಿ ನೋಡದೋರಿಗೆ ಹೇಳ್ತೀನಿ, ಒಂದು ಟೀಮು ಐದಾರು ರನ್ ಹೊಡೆದ್ರೇ ಒಳ್ಳೇ ದಿನ, ಇಲ್ಲಿ ಇಬ್ಬರದೂ ಸೇರಿ 35. ಈ ಸ್ಕೋರ್ ನೋಡಿ ಆ ಹುಡುಗ್ರು ರಾಕ್ಷಸರು ಅಂತ ಇವತ್ತಿಗೂ ಮಾತಾಡ್ತಾರೆ, ಆದ್ರೆ ನನ್ನ ಪ್ರಕಾರ ಆ ಹುಡುಗ್ರ ಕೈಲಿದ್ದ ಬ್ಯಾಟ್ ಯಾವುದು ಅಂತ ಕೇಳ್ದೇ ಈ ಪೈಪೋಟಿಗಳ ಯಾವ ಸ್ಕೋರೂ ಅರ್ಥ ಆಗಲ್ಲ.

ಕಥೆ ಶುರುವಾಗೋದು 1974ರಲ್ಲಿ. ಮರದ ಬ್ಯಾಟ್ ಮುರೀತಾ ಇರುತ್ತೆ, ಸೀಸನ್ ಪೂರ್ತಿ ಹೊಸದು ತರಿಸ್ತಾ ಇರ್ಬೇಕು, ಕಾಲೇಜ್ ಬಜೆಟ್ಟಿಗೆ ಅದು ಹೊರೆ. ಅದಕ್ಕೇ ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ ಎನ್‌ಸಿಎಎ ಅಲ್ಯೂಮಿನಿಯಂ ಬ್ಯಾಟಿಗೆ ಒಪ್ಪಿಗೆ ಕೊಡ್ತು. ಅಂದ್ರೆ ದುಡ್ಡು ಉಳಿಸೋಕೆ ಬಂದಿದ್ದು, ದೂರ ಹೊಡೆಯೋಕಲ್ಲ. ಕ್ರಿಕೆಟ್ ನೋಡ್ಕೊಂಡು ಬೆಳೆದ ನಮಗೆಲ್ಲ ಡೆನಿಸ್ ಲಿಲ್ಲಿ 1979ರಲ್ಲಿ ಪರ್ತ್ ಟೆಸ್ಟಿಗೆ ಅಲ್ಯೂಮಿನಿಯಂ ಬ್ಯಾಟ್ ಹಿಡ್ಕೊಂಡು ಬಂದಿದ್ದು ನೆನಪಿರುತ್ತೆ ಅಥವಾ ಓದಿರ್ತೀವಿ. ಚೆಂಡಿನ ಆಕಾರ ಕೆಡುತ್ತೆ ಅಂತ ಇಂಗ್ಲೆಂಡ್ ಕ್ಯಾಪ್ಟನ್ ಬ್ರಿಯರ್ಲಿ ದೂರು ಕೊಟ್ರು, ಆಮೇಲೆ ಬ್ಯಾಟಿನ ಬ್ಲೇಡು ಮರದ್ದೇ ಆಗ್ಬೇಕು ಅಂತ ನಿಯಮವೇ ಬಂತು. ಕ್ರಿಕೆಟ್ ಬಾಗಿಲು ಹಾಕ್ತು, ಕಾಲೇಜ್ ಬೇಸ್‌ಬಾಲ್ ಬಾಗಿಲು ತೆಗೆದು ಹಾಗೇ ಬಿಡ್ತು.

ಲೋಹದ ಬ್ಯಾಟ್ ಒಳಗಡೆ ಟೊಳ್ಳು. ಮರದ ಬ್ಯಾಟಿಗೆ ಚೆಂಡು ಬಡಿದಾಗ ಬ್ಯಾಟು ಒಳಕ್ಕೆ ಬಗ್ಗಲ್ಲ, ಚೆಂಡೇ ಅಪ್ಪಚ್ಚಿ ಆಗುತ್ತೆ, ಹಾಗೆ ಆಗೋದ್ರಲ್ಲೇ ಅದರ ಶಕ್ತಿ ಬಹಳಷ್ಟು ಕರಗಿಹೋಗುತ್ತೆ. ಟೊಳ್ಳು ಬ್ಯಾಟಲ್ಲಿ ತೆಳುವಾದ ಗೋಡೆ ಸ್ವಲ್ಪ ಒಳಕ್ಕೆ ಬಗ್ಗಿ ತಕ್ಷಣ ವಾಪಸ್ ಚಿಮ್ಮುತ್ತೆ, ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಎಲ್ಲ ಮುಗಿದಿರುತ್ತೆ, ಚೆಂಡು ಅಷ್ಟು ಚಪ್ಪಟೆ ಆಗಲ್ಲ, ಶಕ್ತಿ ಉಳಿಯುತ್ತೆ. ಇದಕ್ಕೆ ಟ್ರ್ಯಾಂಪೊಲೀನ್ ಎಫೆಕ್ಟ್ ಅಂತಾರೆ. ಜೊತೆಗೆ ಬ್ಯಾಟ್ ಹಗುರ, ಬೇಗ ಬೀಸ್ಬಹುದು, ಹಾಗಾಗಿ ಚೆಂಡನ್ನ ಇನ್ನೊಂದು ಕ್ಷಣ ಕಾದು ನೋಡ್ಬಹುದು. ಇನ್ನೊಂದು ವಿಷಯ ಜನ ಮರೀತಾರೆ: ಚೆಂಡು ಎಸೆಯೋ ಪಿಚ್ಚರ್ ಬ್ಯಾಟ್ಸ್‌ಮನ್ ಕೈ ಹತ್ರಕ್ಕೆ ಚೆಂಡು ನುಗ್ಗಿಸಿದ್ರೆ ಮರದ ಬ್ಯಾಟ್ ಹಿಡಿ ಹತ್ರ ಚಟ್ ಅಂತ ಮುರಿದು ಸುಲಭದ ಔಟ್ ಸಿಗೋದು, ಲೋಹದ್ದಾದ್ರೆ ಅದೇ ಚೆಂಡು ಇನ್‌ಫೀಲ್ಡ್ ದಾಟಿ ಹಿಟ್, ಅಂದ್ರೆ ಬ್ಯಾಟ್ಸ್‌ಮನ್ ಬೇಸ್ ತಲುಪೋ ಹೊಡೆತ ಆಗೋದು. ಪಾಪ, ಪಿಚ್ಚರ್ ಎಲ್ಲಾ ಸರಿಯಾಗೇ ಮಾಡಿರ್ತಾನೆ.

ತೊಂಬತ್ತರ ದಶಕದಲ್ಲಿ ಇದು ಮಿತಿ ಮೀರ್ತು. ಇಂಚಲ್ಲಿ ಉದ್ದ ಎಷ್ಟೋ ಅದಕ್ಕಿಂತ ಐದು ಔನ್ಸ್ ಕಮ್ಮಿ ತೂಕದ ಬ್ಯಾಟ್ ಮಾಮೂಲಾಗಿತ್ತು. ಲೂಸಿಯಾನಾದ ಎಲ್‌ಎಸ್‌ಯು ಟೀಮು ಕೋಚ್ ಸ್ಕಿಪ್ ಬರ್ಟ್‌ಮನ್ ಕೈಕೆಳಗೆ 1997ರಲ್ಲಿ 188 ಹೋಮ್ ರನ್ (ನಮ್ಮ ಸಿಕ್ಸರ್ ಥರ ಬೇಲಿ ದಾಟೋ ಹೊಡೆತ) ಹೊಡೀತು, ಫೈನಲ್ಲಲ್ಲಿ ತನ್ನದೇ ಕಾನ್ಫರೆನ್ಸಿನ ಎದುರಾಳಿ ಅಲಬಾಮಾನ 13-6ಕ್ಕೆ ಸೋಲಿಸ್ತು. ಅದರ ಹಿಂದಿನ ವರ್ಷ ಮಯಾಮಿ ಮೇಲೆ ವಾರೆನ್ ಮೋರಿಸ್ ಒಂಬತ್ತನೇ ಇನ್ನಿಂಗ್ಸಲ್ಲಿ ಎರಡು ಔಟ್ ಆದ್ಮೇಲೆ ಹೋಮ್ ರನ್ ಹೊಡೆದು ಕಪ್ ಗೆಲ್ಲಿಸಿದ್ದು ಕೂಡ ಅದೇ ಕಾಲ, ಕೈಯ ಮೂಳೆ ಮುರಿದು ಆಪರೇಷನ್ ಆಗಿದ್ದ ಹುಡುಗ, ಆ ಸೀಸನ್ನಲ್ಲಿ ಅವನ ಒಂದೇ ಒಂದು ಹೋಮ್ ರನ್ ಅದು. ಆ ಹೊಡೆತದ ಬೆಲೆ ನಾನು ಕಮ್ಮಿ ಮಾಡ್ತಿಲ್ಲ, ಈಗ ನೋಡಿದ್ರೂ ಮೈ ಜುಮ್ ಅನ್ನುತ್ತೆ.

21-14 ಆದ್ಮೇಲೆ ಎನ್‌ಸಿಎಎ ಎಚ್ಚೆತ್ತುಕೊಳ್ತು, ಅದೂ ಸ್ಕೋರಿಗೋಸ್ಕರ ಮಾತ್ರ ಅಲ್ಲ, ಅರವತ್ತು ಅಡಿ ದೂರದಲ್ಲಿ ಹೆಲ್ಮೆಟ್ ಇಲ್ದೇ ನಿಂತಿರೋ ಪಿಚ್ಚರ್ ಮುಖಕ್ಕೆ ಚೆಂಡು ವಾಪಸ್ ಬರೋ ಸ್ಪೀಡ್ ನೋಡಿ ಭಯ ಆಗಿತ್ತು. ತೂಕದ ಅಂತರ ಮೂರು ಔನ್ಸಿಗೆ ಇಳಿಸಿದ್ರು, ಅಂದ್ರೆ 33 ಇಂಚಿನ ಬ್ಯಾಟ್ ಕನಿಷ್ಠ 30 ಔನ್ಸ್ ಇರ್ಬೇಕು. ಲ್ಯಾಬ್ ಟೆಸ್ಟಲ್ಲಿ ಚೆಂಡು ಗಂಟೆಗೆ 97 ಮೈಲಿ ದಾಟಬಾರ್ದು ಅಂದ್ರು. ಆದ್ರೆ ಟೆಸ್ಟ್ ಮಾಡ್ತಿದ್ದಿದ್ದು ಹೊಸ ಬ್ಯಾಟನ್ನ, ಆಮೇಲೆ ಬಂದ, ನಾರು ಅಂಟು ಸೇರಿಸಿ ಮಾಡಿದ ಕಾಂಪೋಸಿಟ್ ಬ್ಯಾಟುಗಳು ಆಡ್ತಾ ಆಡ್ತಾ ಮೆದುವಾಗಿ ಇನ್ನೂ ಜೋರಾಗೋವು. ಕೊನೆಗೆ 2009ರಲ್ಲಿ ಅವುಗಳಿಗೆ ತಡೆ ಬಿತ್ತು, 2011ಕ್ಕೆ ಬಿಬಿಕೋರ್ ಅನ್ನೋ ಹೊಸ ಅಳತೆ ಬಂತು. ಬ್ಯಾಟ್ ಎಷ್ಟು ಚಿಮ್ಮಬಹುದು ಅನ್ನೋದಕ್ಕೆ 0.50 ಗರಿಷ್ಠ, ಹೆಚ್ಚುಕಮ್ಮಿ ಮರದ ಬ್ಯಾಟಿನ ಮಟ್ಟ.

ಒಂದೇ ವರ್ಷದಲ್ಲಿ ಆಟ ಬೇರೆ ಆಯ್ತು. ಟೀಮಿಗೆ ಮ್ಯಾಚಿಗೆ 0.94 ಇದ್ದ ಹೋಮ್ ರನ್ 0.52ಕ್ಕೆ ಬಿತ್ತು, ದೇಶದ ಬ್ಯಾಟಿಂಗ್ ಆವರೇಜ್ (ಬ್ಯಾಟಿಂಗಿಗೆ ಬಂದ ಸಲಗಳಲ್ಲಿ ಹಿಟ್ ಎಷ್ಟು ಪಾಲು ಅನ್ನೋ ಲೆಕ್ಕ) .305ರಿಂದ .282ಕ್ಕೆ. 2013ರ ಇಡೀ ವರ್ಲ್ಡ್ ಸೀರೀಸಲ್ಲಿ, ಹದಿನಾಲ್ಕು ಮ್ಯಾಚಲ್ಲಿ, ಮೂರೇ ಹೋಮ್ ರನ್. ಓಮಾಹಾದ ಹೊಸ ಸ್ಟೇಡಿಯಂ ದೊಡ್ಡದು, ಎದುರುಗಾಳಿ ಬೇರೆ ಬೀಸುತ್ತೆ, ಅದೂ ಸೇರ್ಕೊಂಡಿತ್ತು. ಲಾಸ್ ಏಂಜಲೀಸಿನ ಯುಸಿಎಲ್‌ಎ ಐದು ಮ್ಯಾಚಲ್ಲಿ ಬರೀ 19 ರನ್ ಮಾಡಿ, ಎದುರಾಳಿಗಳಿಗೆ ನಾಲ್ಕೇ ರನ್ ಕೊಟ್ಟು ಚಾಂಪಿಯನ್ ಆಯ್ತು. ಬಂಟ್ ಮಾಡೋದು (ಬ್ಯಾಟ್ ಬೀಸದೇ ಚೆಂಡನ್ನ ಮೆಲ್ಲಗೆ ತಟ್ಟೋದು), ಒಂದೊಂದೇ ಬೇಸ್ ಸರಿಸೋದು, ಅಷ್ಟೇ ಆಟ. ನನಗೆ ಅದು ಇಷ್ಟ ಆಯ್ತು ನಿಜ, ಆದ್ರೆ ಸ್ಟ್ಯಾಂಡಲ್ಲಿ ಕೂತೋರು ಬೇಜಾರಾದ್ರು.

ಆಗ ಬ್ಯಾಟ್ ಮುಟ್ಟದೇ ಚೆಂಡು ಬದಲಾಯಿಸಿದ್ರು. 2015ರಲ್ಲಿ ಹೊಲಿಗೆಯ ಎತ್ತರ 0.048 ಇಂಚಿಂದ 0.031ಕ್ಕೆ ಇಳೀತು, ಗಾಳಿ ತಡೆ ಕಮ್ಮಿ, ಲ್ಯಾಬಲ್ಲಿ ನೋಡಿದ್ರೆ ಚೆಂಡು ಇಪ್ಪತ್ತು ಅಡಿ ಜಾಸ್ತಿ ದೂರ ಹೋಗ್ತಿತ್ತು. ಫ್ಲಾರಿಡಾ, ಎಲ್‌ಎಸ್‌ಯು ಇಬ್ಬರನ್ನೇ ತಗೊಳ್ಳಿ: ಮೂರರಲ್ಲಿ ಎರಡು ಮ್ಯಾಚ್ ಗೆದ್ದೋರಿಗೆ ಕಪ್ ಸಿಗೋ 2017ರ ಫೈನಲ್ಲಲ್ಲಿ ಫ್ಲಾರಿಡಾ 4-3, 6-1ಕ್ಕೆ ಗೆಲ್ತು, 2023ರಲ್ಲಿ ಅದೇ ಸ್ಟೇಡಿಯಂ, ಅದೇ ಬಿಬಿಕೋರ್ ನಿಯಮ, ಒಂದಿನ ಫ್ಲಾರಿಡಾ 24-4, ಮಾರನೇ ದಿನ ಎಲ್‌ಎಸ್‌ಯು 18-4, ಕಪ್ಪೂ ಅವರದೇ. ಬ್ಯಾಟ್ ನಿಯಮ ಅದೇ ಇದ್ರೂ ಹುಡುಗ್ರು ಜಿಮ್ಮು, ಸ್ವಿಂಗ್ ಡೇಟಾ ಎಲ್ಲ ಸೇರಿಸ್ಕೊಂಡು ಬೆಳೆದಿದ್ರು.

ಈಗ ಅಂತೂ ದೊಡ್ಡ ಸರಣಿಗಳಿಗೆ ಮುಂಚೆ ಬ್ಯಾಟನ್ನ ಮೆಷಿನ್ನಲ್ಲಿಟ್ಟು ಹಿಂಡಿ ನೋಡ್ತಾರೆ, ಗೋಡೆ ಜಾಸ್ತಿ ಬಗ್ಗಿದ್ರೆ ಪಕ್ಕಕ್ಕೆ, ಪಾಸಾದ್ರೆ ಮೇಲೊಂದು ಸಣ್ಣ ಸ್ಟಿಕ್ಕರ್. ರೋಲರ್ ಮಧ್ಯೆ ಒತ್ತಿ ಮೆದು ಮಾಡೋದು, ಒಳಗಿಂದ ಗೋಡೆ ತುರಿಯೋದು, ಈ ಕಳ್ಳಾಟ ತಡೆಯೋಕೆ.

2024ರಲ್ಲಿ ಟೆನೆಸಿ 184 ಹೋಮ್ ರನ್ ಹೊಡೆದು ಕಪ್ ಗೆಲ್ತು. 188ರ ರೆಕಾರ್ಡ್ ಉಳೀತು ಅಂತ ಎಲ್‌ಎಸ್‌ಯು ಕಡೆಯವರು ಖುಷಿಪಟ್ರು, ಮ್ಯಾಚು ನಮಗಿಂತ ಮೂರು ಜಾಸ್ತಿ ಆಡಿದ್ದಾರೆ ಅಂತಾನೂ ಅಂದ್ರು, ಅದೂ ಸರಿ. ಆದ್ರೆ ಮರದಷ್ಟೇ ಚಿಮ್ಮೋ, ಸ್ಟಿಕ್ಕರ್ ಅಂಟಿಸಿದ ಬ್ಯಾಟಲ್ಲಿ ಹೊಡೆದ ಆ 184 ನನಗೆ ದೊಡ್ಡದಾಗಿ ಕಾಣುತ್ತೆ.