ಸ್ಪ್ರಿಂಟ್ ರೇಸ್ ಅಂತಾರೆ, ಮತ್ಯಾಕೆ ಸೈಕಲ್ ಮೇಲೆ ಹಂಗೇ ನಿಂತ್ಕೊಂಡುಬಿಡ್ತಾರೆ?

ಒಲಿಂಪಿಕ್ಸ್ ಬಂದಾಗೆಲ್ಲ ಯಾರಾದ್ರೂ ಕೇಳೇ ಕೇಳ್ತಾರೆ: "ಲೇಡೀಸ್ ಸೈಕ್ಲಿಂಗ್ ಸ್ಪ್ರಿಂಟ್ ನೋಡ್ತಿದ್ದೆ, ಇರೋದೇ ಇಬ್ರು, ಮೊದಲೆರಡು ರೌಂಡು ಸಂಜೆ ವಾಕಿಂಗ್ ಹೊರಟಂಗೆ ಹೋಗ್ತಾರೆ, ಒಬ್ಬಳಂತೂ ನಿಂತೇಬಿಟ್ಳು, ಇದೆಂಥ ರೇಸು?"

ಒಂದೇ ಮಾತಲ್ಲಿ ಹೇಳೋದಾದ್ರೆ, ಗಾಳಿ. ಎದುರುಗಾಳಿ ಇರೋ ದಿನ ಸೈಕಲ್ ತುಳೀತಾ ಯಾವುದಾದ್ರೂ ಟ್ರ್ಯಾಕ್ಟರ್ ಹಿಂದೆ ಸೇರ್ಕೊಂಡಿದ್ರೆ ನಿಮಗೇ ಗೊತ್ತಿರುತ್ತೆ, ಕಾಲು ಹಗುರ ಆಗಿಬಿಡುತ್ತೆ. ಇಲ್ಲೂ ಅಷ್ಟೇ, ಮುಂದಿರೋಳು ಗಾಳಿ ಸೀಳ್ಕೊಂಡು ಹೋಗ್ತಾಳೆ, ಹಿಂದಿರೋಳು ಅವಳ ಮರೆಯಲ್ಲಿ ಶಕ್ತಿ ಉಳಿಸ್ಕೋತಾಳೆ, ಮೇಲಾಗಿ ಹಿಂದಿರೋಳಿಗೆ ಎದುರಾಳಿ ಕಣ್ಮುಂದೇನೇ ಇರ್ತಾಳೆ. 250 ಮೀಟರ್ ಟ್ರ್ಯಾಕಲ್ಲಿ 3 ರೌಂಡು, ಯಾರು ಮೊದಲು ಗೆರೆ ದಾಟ್ತಾರೋ ಅವರೇ ಗೆದ್ದಂಗೆ, ಒಟ್ಟು ಎಷ್ಟು ಹೊತ್ತಾಯ್ತು ಅನ್ನೋದು ಲೆಕ್ಕಕ್ಕೇ ಇಲ್ಲ. ಹಂಗಾಗಿ ಮುಂದೆ ಹೋಗೋಕೆ ಇಬ್ರಿಗೂ ಇಷ್ಟ ಇರಲ್ಲ. ಈ ಸೈಕಲ್‌ಗೆ ಬ್ರೇಕೂ ಇಲ್ಲ ಫ್ರೀವೀಲೂ ಇಲ್ಲ, ಚಕ್ರ ತಿರುಗಿದ್ರೆ ಪೆಡಲ್ಲೂ ತಿರುಗ್ತಾನೇ ಇರುತ್ತೆ, ಅಂಥದ್ದರಲ್ಲಿ ಓರೆಯಾಗಿರೋ ಟ್ರ್ಯಾಕಿನ ಇಳಿಜಾರಿನ ಮೇಲೆ ಪೆಡಲ್ಲನ್ನ ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ಒತ್ತುತ್ತಾ ಕಾಲು ಕೆಳಗಿಡದೇ ನಿಲ್ಲಬೇಕು. ಜೋರಾಗಿ ತುಳಿಯೋದಕ್ಕಿಂತ ಇದು ಕಷ್ಟ ಅಂತಾನೇ ನನಗನ್ಸೋದು.

ಇದು ಪೂರ್ತಿ ಅರ್ಥ ಆಗಬೇಕು ಅಂದ್ರೆ ಆಸ್ಟ್ರೇಲಿಯಾದ ಆ್ಯನಾ ಮಿಯರ್ಸ್ ಕಥೆ ನೋಡಬೇಕು. ಕ್ವೀನ್ಸ್‌ಲ್ಯಾಂಡಿನ ಮಿಡಲ್‌ಮೌಂಟ್ ಅನ್ನೋ ಕಲ್ಲಿದ್ದಲು ಗಣಿ ಊರಲ್ಲಿ ಬೆಳೆದೋಳು, ಅಕ್ಕ ಕೆರೀನೂ ಸೈಕ್ಲಿಸ್ಟೇ. 2004ರ ಅಥೆನ್ಸ್‌ನಲ್ಲಿ 500 ಮೀಟರ್ ಟೈಮ್ ಟ್ರಯಲ್‌ನ 33.952 ಸೆಕೆಂಡಲ್ಲಿ ಮುಗಿಸಿ ಚಿನ್ನ ಗೆದ್ಲು, ವರ್ಲ್ಡ್ ರೆಕಾರ್ಡು, 34 ಸೆಕೆಂಡಿನ ಒಳಗೆ ಬಂದ ಮೊದಲ ಹೆಣ್ಣುಮಗಳು. ಅಲ್ಲಿ ಎದುರಾಳಿ ಅಂತ ಪಕ್ಕದಲ್ಲಿ ಯಾರೂ ಇರಲ್ಲ, ನೀನುಂಟು ಗಡಿಯಾರ ಉಂಟು. ಆಮೇಲೆ ಏನಾಯ್ತು ಅಂದ್ರೆ ಆ ರೇಸನ್ನೇ ಒಲಿಂಪಿಕ್ಸಿಂದ ತೆಗೆದುಹಾಕಿದ್ರು! 2008ರ ಬೀಜಿಂಗ್‌ನಲ್ಲಿ ಟ್ರ್ಯಾಕ್ ಮೇಲೆ ಗಂಡಸರಿಗೆ 7 ರೇಸು, ಹೆಂಗಸರಿಗೆ ಬರೀ 3, ಇದನ್ನ ನೆನೆಸ್ಕೊಂಡ್ರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ, ಲಂಡನ್‌ಗೆ ಬಂದ ಮೇಲೇ 5-5 ಸಮ ಆಗಿದ್ದು. ಆ್ಯನಾಗೆ ಉಳಿದಿದ್ದು ಸ್ಪ್ರಿಂಟ್ ಒಂದೇ, ಅಂದ್ರೆ ಬರೀ ಸ್ಪೀಡ್ ಇದ್ರೆ ಸಾಲದು, ನಿಧಾನ ಹೋಗೋದನ್ನೂ ಕಲೀಬೇಕು.

ಬೀಜಿಂಗ್‌ಗೆ 7 ತಿಂಗಳಿದೆ ಅನ್ನುವಾಗ, 2008ರ ಜನವರೀಲಿ ಲಾಸ್ ಏಂಜಲೀಸ್ ವರ್ಲ್ಡ್ ಕಪ್ಪಲ್ಲಿ ಬಿದ್ಲು, ಕತ್ತಿನ ಸಿ2 ಮೂಳೆ, ಅಂದ್ರೆ ಮೇಲಿಂದ ಎರಡನೇದು, ಬಿರುಕು ಬಿಡ್ತು. ತಲೆಯನ್ನ ಆ ಕಡೆ ಈ ಕಡೆ ತಿರುಗಿಸೋಕೆ ಮುಖ್ಯವಾಗಿ ಬೇಕಾಗಿರೋ ಮೂಳೆನೇ ಅದು, ಸ್ಪ್ರಿಂಟಲ್ಲಿ ಮುಂದಿರೋಳು ಹಿಂದಿನೋಳು ಏನ್ಮಾಡ್ತಿದಾಳೆ ಅಂತ ಕತ್ತು ಹೊರಳಿಸಿ ನೋಡ್ತಾನೇ ಇರಬೇಕು. ಇನ್ನೊಂಚೂರು ಜಾಸ್ತಿ ಪೆಟ್ಟಾಗಿದ್ರೆ ಎದ್ದು ನಿಲ್ಲೋಕೂ ಆಗ್ತಿರಲಿಲ್ಲ. ಎರಡು ವಾರ ತುಂಬೋ ಮುಂಚೆನೇ ನಿಂತಲ್ಲೇ ತುಳಿಯೋ ಎಕ್ಸರ್‌ಸೈಸ್ ಸೈಕಲ್ ಹತ್ತಿ ತುಳಿಯೋಕೆ ಶುರು ಮಾಡಿದ್ಲು, ಆಗಸ್ಟಲ್ಲಿ ಬೀಜಿಂಗ್ ಫೈನಲ್‌ವರೆಗೂ ಹೋದ್ಲು. ಅಲ್ಲಿ ಬ್ರಿಟನ್ನಿನ ವಿಕ್ಟೋರಿಯಾ ಪೆಂಡಲ್ಟನ್ ಕೈಲಿ ಸೋತು ಬೆಳ್ಳಿ.

ನಾಲ್ಕು ವರ್ಷ ಬಿಟ್ಟು 2012ರ ಲಂಡನ್ ಫೈನಲ್‌ನಲ್ಲಿ ಮತ್ತೆ ಅವರಿಬ್ರೇ, ಆಡಿಯನ್ಸ್ ಪೂರ್ತಿ ಪೆಂಡಲ್ಟನ್ ಕಡೆ. ಫೈನಲ್ ಅಂದ್ರೆ ಮೂರು ರೇಸಲ್ಲಿ ಎರಡು ಗೆದ್ದೋರಿಗೆ ಚಿನ್ನ. ಮೊದಲ ರೇಸಲ್ಲಿ 0.001 ಸೆಕೆಂಡ್ ಅಂತರದಲ್ಲಿ ಪೆಂಡಲ್ಟನ್ನೇ ಮುಂದೆ, ಆದ್ರೆ ತನ್ನ ಲೇನ್ ಬಿಟ್ಟು ಆಚೆ ಬಂದ್ಲು ಅಂತ ಗೆಲುವು ಆ್ಯನಾಗೆ ಹೋಯ್ತು. ಅದರ ಬಗ್ಗೆ ಜಗಳ ಆಡೋರು ಆಡಲಿ, ನೀವು ಎರಡನೇ ರೇಸ್ ನೋಡಿ. ಆ್ಯನಾ ಮುಂದಿದ್ದೋಳು ಸ್ಪೀಡ್ ಕಮ್ಮಿ ಮಾಡ್ತಾ ಮಾಡ್ತಾ ಇಳಿಜಾರಲ್ಲಿ ನಿಂತೇಬಿಟ್ಳು ಅನ್ನೋ ಹಂಗಾಯ್ತು, ಪೆಂಡಲ್ಟನ್‌ಗೆ ಬೇರೆ ದಾರಿ ಇಲ್ದೆ ಮುಂದೆ ಹೋಗಬೇಕಾಯ್ತು, ಅಷ್ಟೇ ಬೇಕಾಗಿತ್ತು ಇವಳಿಗೆ. ಕೊನೇ ರೌಂಡಲ್ಲಿ ಹಿಂದಿಂದ ಬಂದು ಆರಾಮಾಗಿ ದಾಟಿಹೋದ್ಲು, 2-0. ಇದೇನೂ ಆ ಕ್ಷಣಕ್ಕೆ ಹೊಳೆದಿದ್ದಲ್ಲ, ಕೋಚ್ ಗ್ಯಾರಿ ವೆಸ್ಟ್ ಜೊತೆ ಕೂತು ಪೆಂಡಲ್ಟನ್ ರೇಸುಗಳನ್ನ ಅರೆದು ಕುಡಿದಿದ್ಲು.

ಆಮೇಲೆ 2016ರ ರಿಯೋದಲ್ಲಿ ಆಸ್ಟ್ರೇಲಿಯಾದ ಧ್ವಜ ಹಿಡಿದ್ಲು, ಕೀರಿನ್ ಅನ್ನೋ ಇನ್ನೊಂದು ಟ್ರ್ಯಾಕ್ ರೇಸಲ್ಲಿ ಕಂಚು ಗೆದ್ಲು, ಒಟ್ಟು 6 ಒಲಿಂಪಿಕ್ ಪದಕ ಆದ್ಮೇಲೆ ಅದೇ ವರ್ಷ ನಿವೃತ್ತಿ. ಬ್ರಿಸ್ಬೇನ್‌ನಲ್ಲಿ ಅವಳ ಹೆಸರಲ್ಲೇ ಒಂದು ವೆಲೊಡ್ರೋಮ್, ಅಂದ್ರೆ ಸೈಕಲ್ ರೇಸಿನ ಸ್ಟೇಡಿಯಂ ಇದೆ.

ಮುಂದಿನ ಸಲ ಸ್ಪ್ರಿಂಟ್ ನೋಡುವಾಗ ಚಕ್ರ ಬಿಟ್ಟು ಮುಂದಿರೋಳ ಕತ್ತು ನೋಡ್ತಿರಿ. ಅವಳು ಹಿಂದೆ ನೋಡೋದನ್ನ ಬಿಟ್ಟು ತಲೆ ತಗ್ಗಿಸಿದ್ಲು ಅಂದ್ರೆ ನಿಮ್ಮ ರೇಸು ಶುರುವಾಯ್ತು ಅಂತ.