ರೇಡಿಯೋ ನಮ್ಮೂರದು, ಸುದ್ದಿ ಮಾತ್ರ ಬೆಂಗಳೂರು ದಿಲ್ಲಿಯದು

ಸುಗ್ಗಿಯ ದಿನಗಳಲ್ಲಿ ಮಲೆನಾಡಿನ ನಮ್ಮ ಮನೆ ಜಗಲಿಯಲ್ಲಿ ರಾತ್ರಿ ಹತ್ತರವರೆಗೆ ಅಡಿಕೆ ಸುಲಿತ ನಡೆಯುತ್ತಿತ್ತು. ಸಾಲಾಗಿ ಮೆಟ್ಟುಗತ್ತಿ, ನಡುವೆ ಅಡಿಕೆ ರಾಶಿ, ಕಂಬದ ಮೊಳೆಗೆ ನೇತುಹಾಕಿದ ಟ್ರಾನ್ಸಿಸ್ಟರ್. ಅದರ ಚರ್ಮದ ಚೀಲ ಅಡಿಕೆ ಚೊಗರು ಹತ್ತಿ ಕಪ್ಪಾಗಿ ಹೋಗಿತ್ತು. ರೇಡಿಯೋದಲ್ಲಿ ಅಡಿಕೆ ಧಾರಣೆ ಹೇಳುವಾಗ ಎಲ್ಲರ ಕೈಯೂ ಒಂದು ಗಳಿಗೆ ನಿಲ್ಲುತ್ತಿತ್ತು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಒಂದೊಂದು ಬಗೆಯ ಅಡಿಕೆಗೂ ಒಂದೊಂದು ಧಾರಣೆ. ಆಮೇಲೆ ವಾರ್ತೆ. ವಾರ್ತೆ ಮುಗಿದದ್ದೇ ತಡ, ಸುಲಿಯುವವರ ಮಾತು ಶುರು. ಸರ್ಕಾರ ಉಳಿಯುತ್ತಾ, ಸಾಗುವಳಿ ಮಾಡಿದ ಸರ್ಕಾರಿ ಜಮೀನು ಸಕ್ರಮ ಮಾಡಿ ಅನ್ನುವ ಬಗರ್‌ಹುಕುಂ ಅರ್ಜಿ ಯಾಕೆ ಮುಂದೆ ಹೋಗ್ತಿಲ್ಲ, ಬಂಗಾರಪ್ಪನವರು ಈಗೇನು ಮಾಡುತ್ತಾರೆ. ಸೆಲ್ ಉಳಿಯಲಿ ಅಂತ ಅಷ್ಟರಲ್ಲಿ ರೇಡಿಯೋ ಬಂದ್ ಮಾಡಿರುತ್ತಿದ್ದರು.

ಜಗಲಿಯ ಈ ಮಾತು ರೇಡಿಯೋ ಒಳಗೆ ಯಾಕೆ ಹೋಗಲಿಲ್ಲ? ವಾರಕ್ಕೊಮ್ಮೆ ನಮ್ಮೂರ ನಾಲ್ಕು ಜನ ಕೂತು ಆ ವಾರದ ಸುದ್ದಿ, ರಾಜಕೀಯ ಮಾತಾಡುವ ಕಾರ್ಯಕ್ರಮ ನಮ್ಮೂರ ಯಾವ ಬಾನುಲಿಯಲ್ಲಾದರೂ ಸಲೀಸಾಗಿ ಯಾಕೆ ಬರುವುದಿಲ್ಲ? ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕನ್ನಡ ನಾಡಿನಲ್ಲಿ ರೇಡಿಯೋ ಶುರು ಮಾಡಿದ್ದು ಸರ್ಕಾರವಲ್ಲ, ಒಬ್ಬ ಮೇಷ್ಟ್ರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ಇಟ್ಟರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಬಂತು. ಸ್ವಾತಂತ್ರ್ಯ ಬಂದ ಮೇಲೆ ಮಾತ್ರ ರೇಡಿಯೋ ಪೂರ್ತಿಯಾಗಿ ಕೇಂದ್ರ ಸರ್ಕಾರದ ಕೈಗೆ ಹೋಯಿತು. ಅದಕ್ಕೆ ಆಧಾರ ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯ್ದೆ. ತಂತಿ ಸುದ್ದಿಗಾಗಿ ಮಾಡಿದ ಕಾಯ್ದೆಯೇ ರೇಡಿಯೋಗೂ ಬೀಗ ಆಯಿತು. ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ, ದುಡ್ಡು ಕಟ್ಟಿ, ಪುಸ್ತಕಕ್ಕೆ ಸ್ಟ್ಯಾಂಪ್ ಹಚ್ಚಿಸಿಕೊಂಡು ಬಂದದ್ದು ಹಿರಿಯರಿಗೆ ನೆನಪಿರಬೇಕು.

1951ರಲ್ಲಿ ಸಾಗರದ ಹತ್ತಿರ ಕಾಗೋಡು ಸತ್ಯಾಗ್ರಹ ನಡೆಯಿತು. ಗೇಣಿದಾರರು ಎದ್ದು ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಇದೇ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ನಾಡಿನ ರಾಜಕೀಯವನ್ನೇ ಬದಲಿಸಿದ ಈ ಹೋರಾಟ ಕಣ್ಣೆದುರು ನಡೆಯುವಾಗ ಮಲೆನಾಡಿಗೆ ತನ್ನದೇ ಆದ ಒಂದು ರೇಡಿಯೋ ಇರಲಿಲ್ಲ.

ಅದು ಬಂದದ್ದು 1965ರಲ್ಲಿ, ಭದ್ರಾವತಿಗೆ. ಮಧ್ಯಮ ತರಂಗ, 675 ಕಿಲೋಹರ್ಟ್ಸ್. ಇಲ್ಲಿ ಒಂದು ಮಾತು ಹೇಳಲೇಬೇಕು. ಈ ತರಂಗದ ಉದ್ದ ಸುಮಾರು 444 ಮೀಟರ್. ಅಷ್ಟುದ್ದದ ಅಲೆ ನೆಲಕ್ಕೆ ಅಂಟಿಕೊಂಡು, ಗುಡ್ಡ ಹತ್ತಿ ಇಳಿದು ಸಾಗುತ್ತದೆ. ಎಫ್‌ಎಂ ಅಲೆಯ ಉದ್ದ ಮೂರು ಮೀಟರ್ ಅಷ್ಟೇ. ಅದು ಹೆಚ್ಚುಕಮ್ಮಿ ನೇರ ಗೆರೆಯಲ್ಲಿ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ಮನೆಗೆ ಬರೀ ಗೊರಗೊರ. ಹೊಸನಗರ, ತೀರ್ಥಹಳ್ಳಿ ಕಡೆಯ ಕಣಿವೆ ಮನೆಗಳಿಗೆ ಭದ್ರಾವತಿ ಅಷ್ಟು ಆಪ್ತವಾದದ್ದಕ್ಕೆ ಇದೂ ಒಂದು ಕಾರಣ.

ನಿಲಯ ನಮ್ಮದಾಯಿತು, ನಿಜ. ಕೃಷಿ, ಜಾನಪದ, ನಾಟಕ ಎಲ್ಲ ನಮ್ಮದೇ ಬಂತು. ವಾರ್ತೆ ಮಾತ್ರ ಬೆಂಗಳೂರು, ದಿಲ್ಲಿಯಿಂದಲೇ ಬರುತ್ತಿತ್ತು. ರಾಜಕೀಯ ಮಾತಿಗಂತೂ ಬಿಗಿ ಕಟ್ಟುಪಾಡು. ಪಕ್ಷದ ಹೆಸರು ಹಿಡಿದು ಟೀಕೆ ಮಾಡುವ ಹಾಗಿರಲಿಲ್ಲ. 1967ರಲ್ಲಿ ನಮ್ಮ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲೇ ಮಾತಾಡಿದರು. ದಿಲ್ಲಿಯ ಸದನದಲ್ಲಿ ನಮ್ಮ ಮಾತಿಗೆ ಜಾಗ ಸಿಕ್ಕಿತು, ಆದರೆ ಆ ರಾಜಕೀಯವನ್ನು ನಮ್ಮೂರ ರೇಡಿಯೋದಲ್ಲಿ ಬಿಚ್ಚಿ ಚರ್ಚಿಸುವ ಕಾಲ ಬಂದಿರಲಿಲ್ಲ. 1975ರ ಜೂನ್ 26ರ ಬೆಳಿಗ್ಗೆ ಇಂದಿರಾ ಗಾಂಧಿಯವರು ತುರ್ತು ಪರಿಸ್ಥಿತಿ ತಿಳಿಸಿದ್ದೂ ಇದೇ ಆಕಾಶವಾಣಿಯಲ್ಲಿ. 1977ರ ಚುನಾವಣೆಯಲ್ಲಿ ಪಕ್ಷಗಳಿಗೆ ರೇಡಿಯೋದಲ್ಲಿ ಮಾತಾಡಲು ಸಮಯ ಸಿಕ್ಕಿತು. ಮತದಾರರಿಗೆ ಸಿಗಲಿಲ್ಲ.

ಬೀಗ ಸಡಿಲವಾದದ್ದು ಕ್ರಿಕೆಟ್ಟಿನಿಂದ. ಪಂದ್ಯಗಳನ್ನು ಟಿವಿಯಲ್ಲಿ ತೋರಿಸುವ ಹಕ್ಕು ಯಾರದು ಎಂಬ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಗಾಳಿಯ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಕೋರ್ಟು 1995ರ ಫೆಬ್ರವರಿಯಲ್ಲಿ ಹೇಳಿತು. ನನ್ನ ಪ್ರಕಾರ ಈ ಕಥೆಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. 2001ರಲ್ಲಿ ಬೆಂಗಳೂರಿಗೆ ಖಾಸಗಿ ಎಫ್‌ಎಂ ಬಂತು. ಹಾಡು ಹಾಕಬಹುದು, ಹರಟೆ ಹೊಡೆಯಬಹುದು, ಸುದ್ದಿ ಮಾತ್ರ ಹೇಳುವಂತಿಲ್ಲ. 2011ರ ನಿಯಮದಲ್ಲಿ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಲು ಬಿಟ್ಟರು, ಅಷ್ಟೇ.

ಊರಿನ ಸಂಸ್ಥೆಗಳೇ ನಡೆಸುವ ಸಣ್ಣ ನಿಲಯ, ಅಂದರೆ ಸಮುದಾಯ ರೇಡಿಯೋ, ಅದರ ಕಥೆಯೂ ಹೀಗೇ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇಲ್ಲದ ಕಾಲದಲ್ಲಿ ‘ನಮ್ಮ ಧ್ವನಿ’ಯವರು ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. ಎಂಥ ಹಟ ನೋಡಿ! ಸರ್ಕಾರ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ನೂರು ವ್ಯಾಟ್ ಶಕ್ತಿ, ಹತ್ತು ಹದಿನೈದು ಕಿಲೋಮೀಟರ್ ಹರವು. ಕಾರ್ಯಕ್ರಮದ ಅರ್ಧದಷ್ಟಾದರೂ ಸ್ಥಳೀಯವಾಗಿಯೇ ತಯಾರಾಗಬೇಕು. ಎಲ್ಲ ಒಳ್ಳೆಯದೇ. ಆದರೆ ಸುದ್ದಿ, ಪ್ರಚಲಿತ ವಿದ್ಯಮಾನ, ರಾಜಕೀಯ ಬೇಡ ಅಂತ ಅಲ್ಲೂ ಬರೆದರು.

ಇದರಿಂದ ಏನಾಗುತ್ತದೆ? ನೀರು ಬರುವುದಿಲ್ಲ, ಕರೆಂಟ್ ಇರುವುದಿಲ್ಲ ಅಂತ ಆಡಳಿತ ಕೊಟ್ಟ ಪ್ರಕಟಣೆ ಓದಬಹುದು, ಅದನ್ನು ಸುದ್ದಿ ಅಂತ ಲೆಕ್ಕ ಹಿಡಿಯುವುದಿಲ್ಲ. ಊರಿನ ಸಮಸ್ಯೆ ಬಗ್ಗೆ ಮಾತಾಡಿಸಬಹುದು. ಆದರೆ ಆ ಸಮಸ್ಯೆಗೆ ಯಾವ ಸರ್ಕಾರದ ಯಾವ ತೀರ್ಮಾನ ಕಾರಣ ಅಂತ ಕೇಳುತ್ತಾ ಹೋದರೆ ಎಲ್ಲೋ ಒಂದು ಕಡೆ ಗೆರೆ ದಾಟಿದಂತೆ. ಆ ಗೆರೆ ಎಲ್ಲಿದೆ ಅಂತ ಮೈಕ್ ಮುಂದೆ ಕೂತವರಿಗೂ ಸರಿಯಾಗಿ ಕಾಣುವುದಿಲ್ಲ. ಲೈಸೆನ್ಸ್ ಕಳೆದುಕೊಳ್ಳುವ ಭಯ ಇದ್ದಾಗ ಮನುಷ್ಯ ಗೆರೆಯಿಂದ ಮಾರು ದೂರವೇ ನಿಲ್ಲುತ್ತಾನೆ ಅಲ್ವಾ?

ಟಿವಿಗೆ ಇಡೀ ದಿನ ಸುದ್ದಿ ಹೇಳಲು ಅನುಮತಿ ಇದೆ. ಪತ್ರಿಕೆಗೆ ಇದೆ. ವಾಟ್ಸಾಪಿನಲ್ಲಿ ಗಾಳಿಸುದ್ದಿ ಶಿವಮೊಗ್ಗದಿಂದ ಸೊರಬಕ್ಕೆ ನಿಮಿಷದಲ್ಲಿ ಮುಟ್ಟುತ್ತದೆ. ಅದನ್ನು ಅಲ್ಲೇ ನಿಲ್ಲಿಸಿ, ವಿಚಾರಿಸಿ, ಹೆಸರು ಹೇಳಿಕೊಂಡು ಜವಾಬ್ದಾರಿಯಿಂದ ಮಾತಾಡಬಲ್ಲ ಊರಿನ ರೇಡಿಯೋ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. ಇದು ನನಗೆ ಸರಿ ಕಾಣುವುದಿಲ್ಲ. ಹಳ್ಳಿಯಲ್ಲಿ ದ್ವೇಷ ಹಬ್ಬಿಸುವ ನಿಲಯಗಳು ಹುಟ್ಟಿಕೊಂಡರೆ ಗತಿ ಏನು ಎಂಬ ಭಯ ಸುಳ್ಳಲ್ಲ. ಆದರೆ ಅದಕ್ಕೆ ನೀತಿಸಂಹಿತೆ ಇದೆ, ಪ್ರಸಾರವನ್ನು ಧ್ವನಿಮುದ್ರಿಸಿ ಇಡುವ ನಿಯಮ ಇದೆ, ಲೈಸೆನ್ಸ್ ರದ್ದು ಮಾಡುವ ಅಧಿಕಾರ ಇದೆ. 2013ರಲ್ಲೇ ಈ ನಿಷೇಧ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿದೆ. 2023ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ಮತ್ತು ಪ್ರಸಾರದ ನಿಯಂತ್ರಣ ನೋಡಿಕೊಳ್ಳುವ ಟ್ರಾಯ್ ಸಂಸ್ಥೆಯೇ ಖಾಸಗಿ ಎಫ್‌ಎಂಗಳಿಗೆ ಗಂಟೆಗೆ ಹತ್ತು ನಿಮಿಷ ಸುದ್ದಿ ಹೇಳಲು ಬಿಡಿ ಅಂತ ಶಿಫಾರಸು ಮಾಡಿದೆ.

ಹತ್ತು ನಿಮಿಷ ಸಾಲದು. ಭಾನುವಾರ ಸಂಜೆ ಒಂದು ಗಂಟೆ ಕೊಡಲಿ. ಮೊದಲ ವಾರಕ್ಕೆ ಶರಾವತಿ ಅಣೆಕಟ್ಟೆಯಿಂದ ಮನೆ ಜಮೀನು ಮುಳುಗಿದವರ ಹಕ್ಕುಪತ್ರದ ವಿಷಯ ಎತ್ತಿಕೊಳ್ಳಲಿ. ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ನೀರು ನಿಂತು ಅರವತ್ತು ವರ್ಷ ದಾಟಿದೆ. ಎರಡನೆಯ ವಾರ ಭದ್ರಾವತಿಯ ಕಾರ್ಖಾನೆಗಳು. ಮೂರನೆಯ ವಾರ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಮತ್ತೆ ಕೆಳಗಿಳಿಸಿ ಕರೆಂಟ್ ತೆಗೆಯುವ ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆ. ಬೇಕು ಅನ್ನುವವರು ಒಂದು ಕಡೆ, ಬೇಡ ಅನ್ನುವವರು ಇನ್ನೊಂದು ಕಡೆ, ಫೋನಿನಲ್ಲಿ ಶರಾವತಿ ಹಿನ್ನೀರಿನ ಆಚೆಯ ತುಮರಿಯವರೊಬ್ಬರು. ಸುಲಿತದ ಜಗಲಿಯಲ್ಲಿ ಆ ಹೊತ್ತಿಗೆ ಯಾರೂ ರೇಡಿಯೋ ಬಂದ್ ಮಾಡುವುದಿಲ್ಲ.