ಕೂತು ಗಿಟಾರ್ ನುಡಿಸುವಾಗ: ಫುಟ್‌ಸ್ಟೂಲ್ ಸಾಕಾ, ಸಪೋರ್ಟ್ ಬೇಕಾ?

ಮೊದಲು ಒಂದು ಪರೀಕ್ಷೆ. ಗಿಟಾರ್ ಹಿಡಿದು ಕೂತುಕೊಳ್ಳಿ. ಈಗ ಎಡಗೈಯನ್ನು ನೆಕ್‌ನಿಂದ, ಅಂದರೆ ಗಿಟಾರಿನ ಉದ್ದನೆಯ ಕತ್ತಿನಿಂದ, ಪೂರ್ತಿ ತೆಗೆಯಿರಿ. ನೆಕ್ ಕೆಳಕ್ಕೆ ವಾಲಿತಾ? ಹಾಗಾದರೆ ನಿಮ್ಮ ಎಡಗೈ ತಂತಿ ಒತ್ತುವುದರ ಜೊತೆಗೆ ಗಿಟಾರನ್ನೂ ಹೊರುತ್ತಿದೆ. ಬಾರ್ ಕಾರ್ಡ್ (ಒಂದೇ ಬೆರಳಿನಿಂದ ಹಲವು ತಂತಿ ಒತ್ತುವ ಕಾರ್ಡ್) ಹಿಡಿದಾಗ ಕೈ ಬೇಗ ಸೋಲುವುದಕ್ಕೆ ಇದೂ ಒಂದು ಕಾರಣ.

ಕ್ಲಾಸಿಕಲ್ ಪದ್ಧತಿಯಲ್ಲಿ ಗಿಟಾರಿನ ಸೊಂಟ, ಅಂದರೆ ಒಳಕ್ಕೆ ಬಾಗಿದ ಭಾಗ, ಎಡ ತೊಡೆಯ ಮೇಲೆ ಕೂರುತ್ತದೆ. ಬಲ ತೊಡೆ, ಎದೆ, ಬಲ ಮುಂಗೈ ಅದನ್ನು ಅಲುಗದಂತೆ ಹಿಡಿಯುತ್ತವೆ. ಎಡಗೈಗೆ ಇಲ್ಲಿ ಹೊರುವ ಕೆಲಸವೇ ಇಲ್ಲ. ಗಿಟಾರಿನ ತಲೆ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೆ ಬರಬೇಕು. ಎಡಗೈಯಲ್ಲಿ ಮೀಟುವವರು ಇದನ್ನೆಲ್ಲ ಅದಲುಬದಲು ಮಾಡಿಕೊಳ್ಳಿ.

ತೊಡೆ ಅಷ್ಟು ಎತ್ತರಕ್ಕೆ ಬರಲಿ ಅಂತಲೇ ಎಡಗಾಲಿನ ಕೆಳಗೆ ಫುಟ್‌ಸ್ಟೂಲ್ ಇಡುವುದು. ಇದು ರೂಢಿಗೆ ಬಂದದ್ದರಲ್ಲಿ ಸ್ಪೇನಿನ ಗಿಟಾರ್ ವಾದಕ ಫ್ರಾನ್ಸಿಸ್ಕೊ ತಾರೆಗಾ (1852–1909) ಅವರ ಪಾಲು ದೊಡ್ಡದು. ಅವರಿಗಿಂತ ಮುಂಚಿನ ವಾದಕ ದಿಯೊನಿಸಿಯೊ ಅಗ್ವಾದೊ ಮೈಮೇಲೆ ಭಾರವೇ ಬೇಡ ಅಂತ ಗಿಟಾರಿಗೆ ಮೂರು ಕಾಲಿನ ಸ್ಟ್ಯಾಂಡ್ ಮಾಡಿಕೊಂಡಿದ್ದರು. ನಮ್ಮ ಒದ್ದಾಟ ಹೊಸದೇನಲ್ಲ ಅಲ್ವಾ!

ಫುಟ್‌ಸ್ಟೂಲಿನ ತೊಂದರೆ ಇಷ್ಟೇ: ಒಂದೇ ಕಾಲು ಮೇಲೆ ಇರುತ್ತದೆ. ನಮ್ಮ ಸೊಂಟ ಓರೆಯಾಗುತ್ತದೆ, ಅದನ್ನು ಸರಿದೂಗಿಸಲು ಬೆನ್ನು ತಿರುಚಿಕೊಳ್ಳುತ್ತದೆ. ಅರ್ಧ ಗಂಟೆಗೆ ಗೊತ್ತಾಗದೆ ಇರಬಹುದು. ದಿನಕ್ಕೆ ಎರಡು ಗಂಟೆ ಕೂರಲು ಶುರು ಮಾಡಿದ ಮೇಲೆ ನನಗೆ ಕೆಳಬೆನ್ನು ನೋಯತೊಡಗಿತು. ಕುರ್ಚಿ ಬದಲಾಯಿಸಿ ನೋಡಿದೆ, ಹೋಗಲಿಲ್ಲ. ಎರಡೂ ಪಾದ ನೆಲಕ್ಕೆ ಊರಿದ ಮೇಲೆಯೇ ಕಡಿಮೆಯಾಯಿತು.

ಹಾಗೆ ಕೂರಲು ಎರಡು ಬಗೆಯ ಸಪೋರ್ಟ್ ಇವೆ. ಒಂದು, ತೊಡೆಯ ಮೇಲಿಡುವ ದಿಂಬು. ಮೆತ್ತಗಿರುತ್ತದೆ, ಗಿಟಾರಿಗೆ ಅಂಟುವುದಿಲ್ಲ, ಆದರೆ ಎತ್ತರ ಅಷ್ಟಾಗಿ ಬದಲಾಗದು. ಇನ್ನೊಂದು, ರಬ್ಬರ್ ಬಟ್ಟಲುಗಳಿಂದ ಗಿಟಾರಿನ ಪಕ್ಕಕ್ಕೆ ಕಚ್ಚಿಕೊಳ್ಳುವ ಫ್ರೇಮ್. ಎತ್ತರ, ಕೋನ ಎರಡನ್ನೂ ಹೊಂದಿಸಬಹುದು. ನನ್ನ ಮತ ಇದಕ್ಕೇ. ಆದರೆ ಬಟ್ಟಲು ಕಚ್ಚಲು ನುಣುಪಾದ ಮೈ ಬೇಕು. ಹೊಳಪಿಲ್ಲದ ಮ್ಯಾಟ್ ಫಿನಿಶ್ ಆದರೆ ನುಡಿಸುತ್ತಿರುವಾಗಲೇ ಕಳಚಬಹುದು. ಫ್ರೆಂಚ್ ಪಾಲಿಶ್ ಮಾಡಿದ ಗಿಟಾರಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು: ಅದರ ಅರಗಿನ ಪದರ ಸೂಕ್ಷ್ಮ, ಕಲೆ ಉಳಿದುಬಿಡುತ್ತದೆ. ಅಂಥದ್ದಕ್ಕೆ ದಿಂಬೇ ವಾಸಿ. ಯಾವ ಗಿಟಾರೇ ಇರಲಿ, ನುಡಿಸಿದ ಮೇಲೆ ಫ್ರೇಮ್ ಬಿಚ್ಚಿಡಿ.

ಕುರ್ಚಿಗೆ ಕೈಗಳಿರಬಾರದು. ಮುಂದಿನ ಅರ್ಧದಲ್ಲಿ ಕೂತುಕೊಳ್ಳಿ.

ಎತ್ತರವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಬಲ ಭುಜ ಕಿವಿಯ ಕಡೆ ಎದ್ದರೆ ಜಾಸ್ತಿಯಾಯಿತು ಅಂತ ಅರ್ಥ. ಒಂದು ಹಂತ ಇಳಿಸಿ, ಎಡಗೈ ಬಿಟ್ಟು ಮತ್ತೆ ನೋಡಿ.